ಟಗರಿನ ಹಣೆಯ ಭಂಡಾರ

ಬೀರಪ್ಪನ ಭಂಡಾರದ ಡಬ್ಬಿ ನಮ್ಮ ದೇವರ ಮಾಡದಲ್ಲಿ ಈಗಲೂ ಇದೆ. ಹೊಲದಲ್ಲಿ ಕುರಿ ತರುಬುವ ದಿನ ಅದನ್ನು ತೆಗೆಯುವುದು ಅತ್ತೆಯವರ ಕೆಲಸವಾಗಿತ್ತು, ಅವರ ನಂತರ ನನ್ನದಾಯಿತು. ಬೆಳೆ ಮುಗಿದ ಹೊಲದಲ್ಲಿ ಕುರಿಹಿಂಡು ನಾಲ್ಕಾರು ದಿನ ತಂಗುತ್ತದೆ. ಹಿಕ್ಕೆ ಗೊಬ್ಬರ ನಮಗೆ, ಉಳಿದ ಸೊಪ್ಪು ಕುರಿಗೆ. ಹಿಂಡು ಒಳಗೆ ಕಾಲಿಡುವ ಮೊದಲು ಮನೆಯಾಕೆ ಮುಂದಿನ ಟಗರಿನ ಹಣೆಗೆ ಆ ಅರಿಶಿನ ಪುಡಿ ಹಚ್ಚಬೇಕು. ಹಚ್ಚಿದರೆ, ಈ ಹೊಲದಲ್ಲಿ ನಿಮ್ಮ ಜೀವಕ್ಕೆ ಕೇಡಿಲ್ಲ ಎಂದು ದೇವರ ಮುಂದೆ ಮಾತು ಕೊಟ್ಟ ಹಾಗೆ. ಆಮೇಲೆ ಕುರುಬರು ಏನೂ ಕೇಳುವುದಿಲ್ಲ.

ತೆಲಂಗಾಣ ಬೇರೆಯಾದ ಮೇಲೆ ಮಕ್ತಲ್ ಕಡೆಯ ನಮ್ಮ ಊರಿಗೆ ಕಾಲುವೆ ನೀರು ಬಂತು. ಅದು ದೇವರ ದಯೆ, ಇಲ್ಲವೆನ್ನಲಾರೆ. ಆದರೆ ಮಾವನವರ ಕಾಲದಲ್ಲಿ ಏಳು ಜನ ಉಣ್ಣುತ್ತಿದ್ದ ಹೊಲ ಮೂರು ಪಾಲಾಗಿ, ಅದರಲ್ಲೇ ಹತ್ತೊಂಬತ್ತು ಜನ ಉಣ್ಣಬೇಕಿತ್ತು. ಜೋಳ ಹೋಗಿ ಹತ್ತಿ ಬಂತು, ಹತ್ತಿಯ ಹಿಂದೆಯೇ ಭತ್ತ. ಮಣ್ಣಿಗೆ ಬಿಡುವೇ ಇಲ್ಲ. ಚೀಲದ ಗೊಬ್ಬರ ಸುರಿದು ಸುರಿದು ನೆಲ ಗಟ್ಟಿಯಾಗಿತ್ತು. ಎರೆಹುಳ ಕಂಡು ಎಷ್ಟು ವರ್ಷವಾಗಿತ್ತೋ. ಅದಕ್ಕೇ ನಮ್ಮ ಯಜಮಾನರಿಗೆ ಕುರಿ ಬೇಕೇ ಬೇಕಿತ್ತು.

ಆ ವರ್ಷ ನಾನು ದಾಮರಗಿದ್ದದ ತವರಿಗೆ ಹೋಗಿ ನಾಲ್ಕು ದಿನಕ್ಕೆ ಮರಳಿದೆ. ಮರುದಿನವೇ ಹಿಂಡು ಬಂತು. ಪ್ರತಿ ವರ್ಷ ಬರುವ ಕುರುಬರ ಅಕ್ಕ ಬದುವಿನ ಮೇಲೆ ನಿಂತು ನಕ್ಕಳು.

“ಏನ್ ತಂಗಿ, ನಿಮ್ಮ ಯಜಮಾನ್ರು ಕುರಿ ಬಂದ್ರ ಅಳಿಯ ಬಂದಂಗ ಓಡ್ಯಾಡ್ತಾರಲ್ಲ!”

“ಅಳಿಯ ಗೊಬ್ಬರ ಕೊಡಂಗಿಲ್ಲಲ್ಲಕ್ಕಾ,” ಎಂದೆ.

ಟಗರಿನ ಹಣೆಗೆ ಭಂಡಾರ ಹಚ್ಚಿದೆ. ಪಕ್ಕದಲ್ಲೇ ನಿಂತಿದ್ದ ಯಜಮಾನರು ಅತ್ತ ಮುಖ ಮಾಡಿ ಕೆಮ್ಮಿದರು. ಹಿಂಡು ಹತ್ತಿಗಿಡಗಳೊಳಗೆ ನುಗ್ಗಿತು.

ಸಂಜೆಯೊಳಗೆ ಕುರಿಗಳ ಬಾಯಲ್ಲಿ ನೊರೆ. ಕಾಲು ನಡುಗಿ ಒಂದೊಂದಾಗಿ ಬಿದ್ದವು. ಟಗರೂ ಬಿತ್ತು, ಹಣೆಯ ಅರಿಶಿನ ಹಾಗೇ ಇತ್ತು. ದನದ ಡಾಕ್ಟರು ಬಂದು ಎಲೆ ಮೂಸಿ ನೋಡಿ, “ಎಣ್ಣಿ ಹೊಡದು ಎಷ್ಟ್ ದಿನ ಆತು?” ಎಂದರು. ಹುಳದ ವಿಷಕ್ಕೆ ನಮ್ಮಲ್ಲಿ ಎಣ್ಣೆ ಎಂದೇ ಹೆಸರು. ಹೊಡೆದೇ ಇಲ್ಲ ಎನ್ನಲು ನಾನು ಬಾಯಿ ತೆರೆದೆ.

“ಮೂರ್ ದಿನ ಆತ್ರಿ,” ಎಂದರು ಯಜಮಾನರು, ನೆಲ ನೋಡುತ್ತ.

ಕಡೆಯ ಕಾಯಿಗಳಾದರೂ ಉಳಿಯಲೆಂದು ನಾನು ತವರಿನಲ್ಲಿದ್ದಾಗ ಹೊಡೆದಿದ್ದರು. ಹೊಡೆದ ಮೇಲೂ ಕಾಯಿ ಒಡೆದರೆ ಒಳಗೆಲ್ಲ ಹುಳ. ಆಸೆ ಬಿಟ್ಟು ಕುರಿಗೆ ಹೇಳಿಕಳಿಸಿದ್ದರು.

ಮನೆಗೆ ಬಂದು ಕೇಳಿದೆ. “ನನಗರ ಹೇಳಬಾರದೇನ್ರಿ?”

“ಹೇಳಿದ್ರ ನೀ ಭಂಡಾರ ಹಚ್ಚತಿದ್ದೇನು? ನೀ ಹಚ್ಚದಿದ್ರ ಅವರು ಕಾಲಿಡತಿದ್ರೇನು? ಮೂರ್ ದಿನಕ್ಕ ವಿಷ ಇಳಿದಿರತೈತಿ ಅಂದ್ಕೊಂಡೆ.”

ಇಪ್ಪತ್ತೆರಡು ವರ್ಷ ಅವರ ತಾಟಿಗೆ ರೊಟ್ಟಿ ಹಾಕಿದ ಕೈ ಇದು. ಅದೇ ಕೈ ತೋರಿಸಿ ಅವರು ಕುರಿ ಕರೆದಿದ್ದರು.

ಬುಟ್ಟಿಯಡಿ ಮುಚ್ಚಿಟ್ಟಿದ್ದ ಎಳೆ ಮರಿಗಳು ಉಳಿದವು, ಅದೊಂದು ಪುಣ್ಯ. ನಮ್ಮ ಎಮ್ಮೆಯ ಹಾಲು ಕುಡಿಸಿದೆ. ಅಕ್ಕ ಬೈಯಲಿಲ್ಲ. “ತಂಗಿ, ನಿನಗ ಗೊತ್ತಿತ್ತೇನು?” ಎಂದಷ್ಟೇ ಕೇಳಿದಳು. ಭಂಡಾರ ಮುಟ್ಟಿ ಇಲ್ಲವೆಂದೆ. ನಂಬಿದಳು, ಅದು ಇನ್ನೊಂದು ಪುಣ್ಯ. ಊರ ಹಿರಿಯರು ಹಾಕಿದ ದಂಡವನ್ನು ಯಜಮಾನರು ಕಟ್ಟಿದರು. ನಾನು ಕೊಟ್ಟ ಮಾತಿಗೆ ದಂಡ ಕಟ್ಟುವವರು ಯಾರು?

ಮರುವರ್ಷ ಹೊಲಕ್ಕೆ ಕಡೆಯವರೆಗೂ ಎಣ್ಣೆ ಬೀಳದಂತೆ ನಾನೇ ನಿಂತು ಕಾದೆ. ಅಳಿದುಳಿದ ಹಿಂಡು ಬದುವಿನ ಪಕ್ಕದ ದಾರಿಗೆ ಬಂದಾಗ ರೊಟ್ಟಿ, ಪುಂಡಿಪಲ್ಯ, ಭಂಡಾರದ ಡಬ್ಬಿ ಹಿಡಿದು ಓಡಿದೆ. ಅಕ್ಕ ಕುಳಿತು ತಿಂದಳು. “ಖಾರ ಕಮ್ಮಿ ಹಾಕೀ ನೋಡು,” ಎಂದಳು. ನನಗೆ ಜೀವ ಬಂದಂತಾಯಿತು. ಡಬ್ಬಿ ತೆರೆದು ಹೊಸ ಟಗರಿನತ್ತ ಕೈ ಚಾಚಿದೆ. ಅವಳು ನನ್ನ ಕೈ ಹಿಡಿದು, ಬೆರಳಿನಲ್ಲಿದ್ದ ಭಂಡಾರವನ್ನು ತನ್ನ ಹಣೆಗೇ ಹಚ್ಚಿಕೊಂಡಳು.

“ನನಗ ಸಾಕು ತಂಗಿ. ಮೂಕ ಜೀವಕ್ಕ ಬ್ಯಾಡ.”

ಹಿಂಡು ನಮ್ಮ ಹೊಲಕ್ಕಿಳಿಯದೆ ಗದ್ವಾಲದ ಕಡೆ ನಡೆಯಿತು. ಮರುದಿನ ಯಜಮಾನರು ಚೀಲದ ಗೊಬ್ಬರ ತಂದರು.