ಹಮೀದಾಕ ಕೊಟ್ಟ ಪುಸ್ತಕ

ಪುತ್ತೂರಿನಿಂದ ಮೈಸೂರಿಗೆ ಹೋಗುವ ಬಸ್ಸಿನಲ್ಲಿ ಡ್ರೈವರ್ ಸೀಟಿನ ಹಿಂದೆ ಒಂದು ತಗಡಿನ ಪೆಟ್ಟಿಗೆ ಇತ್ತು. ಜಾಕಿಯೋ ಸ್ಪ್ಯಾನರೋ ಇರಬೇಕೆಂದು ಹೊಸಬರು ತಿಳಿಯುತ್ತಿದ್ದರು. ಅದರಲ್ಲಿದ್ದದ್ದು ಇಪ್ಪತ್ತೊಂದು ಕಾದಂಬರಿಗಳು. ಬೆಳಿಗ್ಗೆ ಆರೂವರೆಗೆ ಪುತ್ತೂರು ಬಿಟ್ಟ ಬಸ್ಸು ಸುಳ್ಯ, ಸಂಪಾಜೆ, ಮಡಿಕೇರಿ ಎಲ್ಲ ದಾಟಿ ಮೈಸೂರು ಸೇರುವಾಗ ಸಂಜೆ ನಾಲ್ಕಾಗುತ್ತಿತ್ತು. ಅಷ್ಟು ಹೊತ್ತು ಪಕ್ಕದವರ ಕೆಮ್ಮು ಕೇಳಿಕೊಂಡು ಕೂರುವ ಬದಲು ಏನಾದರೂ ಓದೋಣ ಅನಿಸಿದವರಿಗೆ ಡ್ರೈವರ್ ಸಾಹುಲ್ ಹಮೀದ್ ಪೆಟ್ಟಿಗೆ ತೆರೆದು ಒಂದು ಪುಸ್ತಕ ಆರಿಸಿ ಕೊಡುತ್ತಿದ್ದರು. ಇಳಿಯುವಾಗ ವಾಪಸು ಕೊಟ್ಟರಾಯಿತು.

ಹಮೀದಣ್ಣ ಎನ್ನುವ ಹಾಗೆ ಜನ ಅವರನ್ನು ಹಮೀದಾಕ ಎಂದು ಕರೆಯುತ್ತಿದ್ದರು. ಅವರು ಪುಸ್ತಕ ಆರಿಸುವುದು ಒಂದು ನೋಡುವ ಸಂಗತಿಯೇ. ಘಾಟಿಯಲ್ಲಿ ಓದಿದರೆ ಹೊಟ್ಟೆ ತೊಳಸುತ್ತದೆ. ಆದ್ದರಿಂದ ಸಂಪಾಜೆ ಗೇಟು ಬಂದಾಗ ಮುಚ್ಚಿಡಲು ಮನಸ್ಸು ಒಪ್ಪಬೇಕು, ಮಡಿಕೇರಿಯಲ್ಲಿ ಮತ್ತೆ ತೆರೆಯುವ ಆಸೆಯೂ ಇರಬೇಕು, ಅಂಥ ಪುಸ್ತಕ ಬೇಕು. ಹೆಣ್ಣು ನೋಡಲು ಹೊರಟವರಿಗೆ ಗಂಡ ಹೆಂಡಿರ ಜಗಳದ ಕಥೆ ಕೊಡಬಾರದು. ಕೋರ್ಟಿಗೆ ಹೊರಟವರಿಗೆ ಪತ್ತೇದಾರಿ ಕೊಡಬಾರದು, ಅವರಿಗೆ ಮೊದಲೇ ಲೋಕದ ಮೇಲೆಲ್ಲ ಸಂಶಯ. ಸುಳ್ಯದಲ್ಲಿ ಇಳಿಯುವವರಿಗೆ ದಪ್ಪ ಪುಸ್ತಕ ಕೊಟ್ಟರೆ ಅವರು ಇಳಿಯುವುದೇ ಇಲ್ಲ. ಹಾಗೆ ಒಬ್ಬ ಗುಮಾಸ್ತ ಕಥೆಯ ಕೊನೆ ತಿಳಿಯಲು ಅರಂತೋಡಿನವರೆಗೆ ಹೋಗಿ, ಅಲ್ಲಿಂದ ನಡೆದುಕೊಂಡು ವಾಪಸು ಬಂದದ್ದುಂಟು. ಹಮೀದಾಕ ಓದಿದಷ್ಟು ಹೈಸ್ಕೂಲಿನ ಮಾಸ್ತರರೂ ಓದಿಲ್ಲ ಎಂದು ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೂ ಹೇಳುತ್ತಿದ್ದರು.

ಹಮೀದಾಕನಿಗೆ ಕನ್ನಡ ಓದಲು ಬರುತ್ತಿರಲಿಲ್ಲ.

ಮದ್ರಸದಲ್ಲಿ ಕುರ್‌ಆನ್ ಓದಲು ಕಲಿತವರು ಒಂಬತ್ತನೇ ವಯಸ್ಸಿಗೆ ಲಾರಿ ತೊಳೆಯಲು ಹೋದರು. ಕನ್ನಡದ ಅಕ್ಷರ ಅವರ ಪಾಲಿಗೆ ಬರಲೇ ಇಲ್ಲ. ಐವತ್ತಮೂರನೇ ಇಸವಿಯಲ್ಲಿ ವರ್ಗವಾಗಿ ಹೋಗುತ್ತಿದ್ದ ಯಾರೋ ಒಬ್ಬರು ಬಸ್ಸಿನಲ್ಲಿ ಒಂದು ಕಟ್ಟು ಪುಸ್ತಕ ಬಿಟ್ಟು ಇಳಿದರು, ಹುಡುಕಿಕೊಂಡು ಬರಲಿಲ್ಲ. ಪ್ರಯಾಣಿಕರು ಒಂದೊಂದನ್ನೇ ಎತ್ತಿ ಓದತೊಡಗಿದರು. ಹಮೀದಾಕ ಕನ್ನಡಿಯಲ್ಲಿ ಅವರ ಮುಖ ನೋಡುತ್ತಿದ್ದರು. ಯಾರು ಯಾವ ತಿರುವಿನಲ್ಲಿ ನಕ್ಕರು, ಯಾರು ಜಾಲ್ಸೂರು ಬರುವ ಮೊದಲೇ ತೂಕಡಿಸಿದರು, ಎಲ್ಲ ಅವರಿಗೆ ನೆನಪಿರುತ್ತಿತ್ತು. ಪುಸ್ತಕ ವಾಪಸು ಪಡೆಯುವಾಗ, ಹೇಗಿತ್ತು, ಎಲ್ಲಿ ಹಿಡಿಸಿತು ಎಂದು ಕೇಳುತ್ತಿದ್ದರು. ಓದಿ ಮುಗಿಸಿದವರಿಗೆ ಕಥೆ ಹೇಳುವ ಚಪಲ ಇದ್ದೇ ಇರುತ್ತದೆ. ಹೀಗೆ ಇಪ್ಪತ್ತೊಂದು ಪುಸ್ತಕಗಳ ಒಳಹೊರಗೆಲ್ಲ ಅವರಿಗೆ ಗೊತ್ತಾಯಿತು, ಹೆಸರೊಂದು ಬಿಟ್ಟು. ಅದನ್ನು ಕೇಳಿದರೆ ಗುಟ್ಟು ಬಯಲಾಗುತ್ತಿತ್ತು. ರಟ್ಟಿನ ಮೇಲಿನ ಚಿತ್ರ ನೋಡಿ ಅವರೇ ಹೆಸರಿಟ್ಟುಕೊಂಡಿದ್ದರು: ಛತ್ರಿಯದ್ದು, ಬಾವಿಯದ್ದು, ಕೋವಿಯದ್ದು.

ಈ ಗುಟ್ಟು ಹೊರಗೆ ಬಿದ್ದರೆ ಏನು ಗತಿ ಎಂಬ ಹೆದರಿಕೆ ಅವರಿಗೆ ಎಂಟು ವರ್ಷವೂ ಇತ್ತು. ಯಾರಾದರೂ ಪುಸ್ತಕ ತೆರೆದು, ಈ ಸಾಲು ನೋಡಿ ಹಮೀದಾಕ ಎಂದರೆ, ಬಸ್ಸಿನ ಟೈಯರ್ ನೋಡಬೇಕೆಂದು ಕೆಳಗೆ ಇಳಿಯುತ್ತಿದ್ದರು. ಅಷ್ಟು ಸಲ ಟೈಯರ್ ನೋಡಿದ ಡ್ರೈವರ್ ಆ ದಾರಿಯಲ್ಲಿ ಇನ್ನೊಬ್ಬರಿರಲಿಲ್ಲ.

ಅರವತ್ತೊಂದರ ಜೂನಿನಲ್ಲಿ ಮಳೆಗೆ ಬಸ್ಸಿನ ಮಾಡು ಸೋರಿತು. ಶನಿವಾರ ಪೆಟ್ಟಿಗೆಯನ್ನು ಮನೆಗೆ ತಂದಿಟ್ಟ ಹಮೀದಾಕ, ಭಾನುವಾರ ಉಪ್ಪಿನಂಗಡಿಗೆ ಅಣ್ಣನನ್ನು ನೋಡಲು ಹೋದರು. ಅವರ ಹೆಂಡತಿ ಐಸಮ್ಮನಿಗೆ ಗಂಡ ಓದುವವರಲ್ಲ ಎಂದು ಗೊತ್ತಿತ್ತು. ಆದರೆ ಪುಸ್ತಕ ಯಾವುದೆಂದು ಕಂಡಕ್ಟರನೇ ಹೇಳಿಕೊಡುತ್ತಾನೆ ಎಂದು ಆಕೆ ನಂಬಿದ್ದರು. ಗಂಡನಾಗಲಿ ಹೆಂಡತಿಯಾಗಲಿ ಆ ಮಾತನ್ನು ಯಾವತ್ತೂ ಎತ್ತಿರಲಿಲ್ಲ. ಶಾಲೆ ಶುರುವಾದ ದಿನಗಳು, ಮಗಳು ಮೈಮೂನಳ ಪುಸ್ತಕಗಳಿಗೆ ಬೈಂಡು ಹಾಕಿ ಕಂದು ಕಾಗದ ಸಾಕಷ್ಟು ಉಳಿದಿತ್ತು. ಪೆಟ್ಟಿಗೆ ತೆರೆದು ನೋಡಿದರೆ ಗಂಡನ ಪುಸ್ತಕಗಳ ರಟ್ಟುಗಳೆಲ್ಲ ಹರಿದು ಜೋತಾಡುತ್ತಿದ್ದವು. ಐಸಮ್ಮ ಮೈದಾ ಅಂಟು ಕುದಿಸಿ, ಹಳೆಯ ರಟ್ಟುಗಳನ್ನು ಕಿತ್ತು ಒಲೆಗೆ ಹಾಕಿ, ಇಪ್ಪತ್ತೊಂದಕ್ಕೂ ಹೊಸ ರಟ್ಟು ಕಟ್ಟಿ ಕಂದು ಕಾಗದ ಅಂಟಿಸಿದರು. ಮೈಮೂನ ಒಳಗಿನ ಪುಟ ನೋಡಿ ಒಂದೊಂದರ ಮೇಲೂ ಹೆಸರನ್ನು ದುಂಡಗೆ ಬರೆದಳು. ಇಡೀ ಭಾನುವಾರ ತಾಯಿ ಮಗಳು ಬೆನ್ನು ಮೇಲೆತ್ತಲಿಲ್ಲ. ಹಮೀದಾಕನಿಗೆ ಹೇಳಲೂ ಇಲ್ಲ, ಬಸ್ಸಿನಲ್ಲಿ ತೆರೆದಾಗ ಖುಷಿಯಾಗಲಿ ಎಂದು.

ಸೋಮವಾರ ಬೆಳಿಗ್ಗೆ ಪುತ್ತೂರಿನಲ್ಲಿ ಒಬ್ಬರು ಪುಸ್ತಕ ಕೇಳಿದರು. ಹಮೀದಾಕ ಪೆಟ್ಟಿಗೆಯ ಮುಚ್ಚಳ ಎತ್ತಿದರು. ಛತ್ರಿ ಇಲ್ಲ, ಬಾವಿ ಇಲ್ಲ, ಕೋವಿ ಇಲ್ಲ. ಎಲ್ಲವೂ ಒಂದೇ ಬಣ್ಣ, ಎಲ್ಲದರ ಮೇಲೂ ಕರಿ ಶಾಯಿಯ ಅಕ್ಷರ. ಅವರು ಮುಚ್ಚಳ ಹಾಕಿ, ಮಳೆಗೆ ಬೀಗ ತುಕ್ಕು ಹಿಡಿದಿದೆ ಎಂದು ಒಂದು ಸುಳ್ಳು ಹೇಳಿ ಬಸ್ಸು ಹೊರಡಿಸಿದರು. ಕಂಡಕ್ಟರ್ ಉದಯಶಂಕರನಿಂದ ಹೆಸರು ಓದಿಸೋಣವೆಂದರೆ ಆ ಹೆಸರುಗಳೇ ಇವರಿಗೆ ಗೊತ್ತಿಲ್ಲ.

ಸುಳ್ಯದಲ್ಲಿ ಚಾಕ್ಕೆ ಹತ್ತು ನಿಮಿಷ ನಿಲ್ಲಿಸುವುದು ಪದ್ಧತಿ. ಅಲ್ಲಿ ಅಜ್ಜಾವರದ ತ್ಯಾಂಪಣ್ಣ, ಹೆಂಡತಿ ಸೀತುವನ್ನು ಕೈಹಿಡಿದು ಬಸ್ಸು ಹತ್ತಿಸಿದರು. ಎರಡು ತಿಂಗಳ ಹಿಂದೆ ಅವರ ನಾಲ್ಕು ವರ್ಷದ ಮಗ ಜ್ವರದಿಂದ ತೀರಿಹೋದ ಸುದ್ದಿ ಹಮೀದಾಕನಿಗೂ ತಿಳಿದಿತ್ತು. ಸೀತು ಡ್ರೈವರ್ ಸೀಟಿನ ಹಿಂದಿನ ಸಾಲಿನಲ್ಲಿ ಕಿಟಕಿಯ ಹತ್ತಿರ ಕುಳಿತು, ಕಿಟಕಿಯ ಸರಳನ್ನೇ ನೋಡತೊಡಗಿದರು. ತ್ಯಾಂಪಣ್ಣ ಹಮೀದಾಕನನ್ನು ಕೆಳಗೆ ಕರೆದರು. ಮೈಸೂರಿನಲ್ಲಿ ಸೀತುವಿನ ಅಕ್ಕ ಇದ್ದಾರೆ, ಒಂದು ತಿಂಗಳು ಅಲ್ಲಿ ಬಿಟ್ಟುಬರುತ್ತೇನೆ ಎಂದರು. ಹೆಂಡತಿ ಊಟ ಮಾಡುವುದಿಲ್ಲ, ಅಳುವುದೂ ಇಲ್ಲ, ಬರೇ ಕುಳಿತಿರುತ್ತಾಳೆ ಎಂದರು.

"ಮೊದಲೆಲ್ಲ ಸಿಕ್ಕಿದ್ದನ್ನು ಓದ್ತಾ ಇದ್ದಳು. ನಿಮ್ಮ ಪೆಟ್ಟಿಗೆಯಿಂದ ಎಂತಾದರೂ ಕೊಡಿ ಮಾರಾಯ್ರೆ. ನಗು ಬರುವಂಥದ್ದು. ಮಕ್ಕಳ ಸುದ್ದಿ ಇರುವುದು ಮಾತ್ರ ಬೇಡ."

ಬೀಗದ ಸುಳ್ಳು ಹಮೀದಾಕನ ನಾಲಿಗೆಯವರೆಗೆ ಬಂದಿತ್ತು. ಕಿಟಕಿಯಲ್ಲಿ ಸೀತುವಿನ ಮುಖ ಕಂಡು ಅದನ್ನು ಹೇಳಲಾಗಲಿಲ್ಲ.

ಅವರಿಗೆ ಬೇಕಾದದ್ದು ಛತ್ರಿಯದ್ದು. ಹೆಣ್ಣು ನೋಡಲು ಎರವಲು ತಂದ ಛತ್ರಿ ಹಿಡಿದು ಹೋದವನು ಬೇರೆಯವರ ಮನೆಗೆ ನುಗ್ಗುವ ಕಥೆ. ಅದನ್ನು ಓದಿ ಒಬ್ಬ ಶಾನುಭೋಗರ ಬಾಯಿಯಿಂದ ಎಲೆಅಡಿಕೆಯೇ ಹೊರಗೆ ಬಿದ್ದಿತ್ತು. ಬೇಡವಾದದ್ದು ಬಾವಿಯದ್ದು. ಅದರಲ್ಲಿ ಒಬ್ಬ ತಾಯಿಗೆ ಒಂದೇ ಮಗು, ಜ್ವರ ಬಂದು ಸಾಯುತ್ತದೆ. ಅದನ್ನು ಓದಿದವರು ಯಾರೂ ಒಣ ಕಣ್ಣಿನಲ್ಲಿ ವಾಪಸು ಕೊಟ್ಟವರಲ್ಲ. ಎರಡೂ ಒಂದೇ ಅಳತೆ, ಒಂದೇ ದಪ್ಪ. ಹಮೀದಾಕ ಪೆಟ್ಟಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಆ ಅಳತೆಯವೆರಡನ್ನು ಬೇರೆ ಮಾಡಿದರು. ಎರಡು ಕೈಯಲ್ಲಿ ಹಿಡಿದು ತೂಗಿ ನೋಡಿದರು. ಬಾವಿಯದ್ದರ ಮೇಲೆ ಯಾವಾಗಲೋ ಕಾಫಿ ಚೆಲ್ಲಿತ್ತೆಂದು ನೆನಪಾಗಿ ಮೂಸಿ ನೋಡಿದರು. ಎರಡರಲ್ಲೂ ಮೈದಾ ಅಂಟಿನದೇ ವಾಸನೆ. ಒಂದು ಪುಟ ಓದಿ ನೋಡಿ ಎಂದು ತ್ಯಾಂಪಣ್ಣನಿಗೇ ಹೇಳಬಹುದಿತ್ತು. ಎಂಟು ವರ್ಷದ ಮರ್ಯಾದೆ ಬಾಯಿ ಕಟ್ಟಿತು. ಅದು ದೊಡ್ಡ ತಪ್ಪೇ, ಅವರ ಪರವಾಗಿ ನಾನು ಏನೂ ಹೇಳುವುದಿಲ್ಲ. ದೇವರ ಹೆಸರೆತ್ತಿ ಬಿಸ್ಮಿ ಹೇಳಿ ಬಲಗೈಯಲ್ಲಿದ್ದದ್ದನ್ನು ಕೊಟ್ಟುಬಿಟ್ಟರು.

ಬಸ್ಸು ಹೊರಟಿತು. ಹಮೀದಾಕನ ಒಂದು ಕಣ್ಣು ರಸ್ತೆಯ ಮೇಲೆ, ಒಂದು ಕಣ್ಣು ಕನ್ನಡಿಯ ಮೇಲೆ. ಮೊದಲು ಪುಸ್ತಕ ಮಡಿಲಲ್ಲಿ ಸುಮ್ಮನೆ ಇತ್ತು. ಪೇಟೆ ದಾಟುವಾಗ ಸೀತು ಅದನ್ನು ತೆರೆದರು. ಅರಂತೋಡಿಗೆ ಬರುವಾಗ ಪುಟ ಬೇಗ ಬೇಗ ತಿರುಗುತ್ತಿತ್ತು. ಛತ್ರಿಯದ್ದಾದರೆ ಇಷ್ಟರೊಳಗೆ ತುಟಿ ಅಲುಗಬೇಕಿತ್ತು, ಓದತೊಡಗಿದ ಎಂಟು ಮೈಲಿನೊಳಗೆ ಯಾರಿಗಾದರೂ ನಗು ಬಂದೇ ಬರುತ್ತದೆ. ಸೀತು ನಗಲಿಲ್ಲ. ನಗುವ ಶಕ್ತಿ ಇಲ್ಲದೆ ಇರಬಹುದು ಎಂದು ಹಮೀದಾಕ ತಮಗೆ ತಾವೇ ಹೇಳಿಕೊಂಡರು. ಸಂಪಾಜೆ ಗೇಟಿನಲ್ಲಿ, ಘಾಟಿ ಬಂತು, ಪುಸ್ತಕ ಮುಚ್ಚಿ ಎಂದು ಅವರು ಎಲ್ಲರಿಗೂ ಕೂಗಿ ಹೇಳುವುದಿತ್ತು. ಅವತ್ತು ಒಬ್ಬರಿಗಾಗಿಯೇ ಎರಡು ಸಲ ಹೇಳಿದರು. ಸೀತು ಮುಚ್ಚಲಿಲ್ಲ.

ಘಾಟಿಯ ನಾಲ್ಕನೇ ತಿರುವಿನಲ್ಲಿ ಕನ್ನಡಿಯಲ್ಲಿ ಸೀತುವಿನ ಭುಜ ಅಲುಗುವುದು ಕಂಡಿತು. ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ತ್ಯಾಂಪಣ್ಣ ಪಕ್ಕದಲ್ಲಿ ನಿದ್ದೆ ಮಾಡುತ್ತಿದ್ದರು. ಹಮೀದಾಕ ರಸ್ತೆ ಮರೆತು ಕನ್ನಡಿಯನ್ನೇ ನೋಡುತ್ತಿದ್ದರು. ಎದುರಿನಿಂದ ಮರದ ಲಾರಿ ಬಂದದ್ದು ತಡವಾಗಿ ಕಂಡು, ಬಸ್ಸನ್ನು ಒಮ್ಮೆಲೇ ಎಡಕ್ಕೆ ಎಳೆದರು. ಉದಯಶಂಕರ ಕಂಬ ಹಿಡಿದುಕೊಂಡು, ಎಂತ ಆಯ್ತು ಎಂದು ಕೇಳಿದ. ಒಬ್ಬ ತಾಯಿಯ ಗಾಯವನ್ನು ನಾನೇ ಕೈಯಾರೆ ಕೆದಕಿದೆನಲ್ಲ ಎಂಬುದೊಂದೇ ಹಮೀದಾಕನ ತಲೆಯಲ್ಲಿತ್ತು.

ಜೋಡುಪಾಲದಲ್ಲಿ ರಸ್ತೆ ಬದಿಯ ತೊರೆಯಿಂದ ರೇಡಿಯೇಟರಿಗೆ ನೀರು ಹಾಕಲು ಬಸ್ಸು ನಿಲ್ಲುತ್ತದೆ. ಹಮೀದಾಕ ಎಂಜಿನ್ ಆರಿಸಿದರು. ನೀರಿನ ಡಬ್ಬಿ ಮುಟ್ಟದೆ, ಸೀಟಿನಿಂದ ಎದ್ದು ಸೀತುವಿನ ಎದುರು ನಿಂತರು. ಬಸ್ಸಿನಲ್ಲಿ ಎಲ್ಲರೂ ಅವರನ್ನೇ ನೋಡುತ್ತಿದ್ದರು.

"ತಂಗಿ, ಆ ಪುಸ್ತಕ ಇಲ್ಲಿ ಕೊಡಿ. ತಪ್ಪಿ ಕೊಟ್ಟದ್ದು. ನನಗೆ ಓದ್ಲಿಕ್ಕೆ ಬರುದಿಲ್ಲ. ರಟ್ಟಿನ ಚಿತ್ರ ನೋಡಿ ಕೊಡ್ತಿದ್ದೆ, ಈಗ ಚಿತ್ರ ಇಲ್ಲ."

ಎಚ್ಚರಾದ ತ್ಯಾಂಪಣ್ಣ ಹೆಂಡತಿಯ ಮುಖ ನೋಡಿ, ವಿಷಯ ಅರ್ಥವಾಗಿ, ಸಿಟ್ಟಿನಿಂದ ಪುಸ್ತಕಕ್ಕೆ ಕೈಹಾಕಿದರು. ಸೀತು ಬಿಡಲಿಲ್ಲ. ಎರಡು ಕೈಯಲ್ಲೂ ಅದನ್ನು ಎದೆಗೆ ಹಿಡಿದುಕೊಂಡರು.

"ಸಂಪಾಜೆಯಲ್ಲೇ ನನಗೆ ಗೊತ್ತಾಯ್ತು, ಮಗು ಉಳಿಯುದಿಲ್ಲ ಅಂತ," ಎಂದರು ಸೀತು. ಬಹಳ ದಿನ ಮಾತಾಡದೆ ಅವರ ಸ್ವರ ಒಡೆದಿತ್ತು. "ನಮ್ಮ ಮನೆಯಲ್ಲಿ ಅವನ ಹೆಸರು ಯಾರೂ ಎತ್ತುದಿಲ್ಲ. ಅಂಗಿ, ಚಡ್ಡಿ ಎಲ್ಲ ಎಲ್ಲಿಯೋ ಅಡಗಿಸಿ ಇಟ್ಟಿದ್ದಾರೆ. ಇದರಲ್ಲಿ ಒಬ್ಬಳಾದರೂ ಹೇಳ್ತಾಳೆ." ಆಮೇಲೆ ಕಣ್ಣೊರೆಸಿಕೊಂಡು ಕೇಳಿದರು, "ನಿಮಗೆ ಕಥೆ ಗೊತ್ತುಂಟಲ್ಲ. ಮಗು ಹೋದ ಮೇಲೆ ಆ ತಾಯಿ ಎಂತ ಮಾಡ್ತಾಳೆ?"

ಹಮೀದಾಕನಿಗೆ ಗೊತ್ತಿರಲಿಲ್ಲ. ಎಂಟು ವರ್ಷದಲ್ಲಿ ಎಷ್ಟೋ ಜನ ಆ ಕಥೆ ಹೇಳಿದ್ದರು, ಎಲ್ಲರೂ ಮಗು ಸಾಯುವಲ್ಲಿಗೆ ನಿಲ್ಲಿಸಿ ಮೂಗು ಒರೆಸಿಕೊಂಡಿದ್ದರು. ಮುಂದೆ ಏನಾಯಿತೆಂದು ಒಬ್ಬರೂ ಹೇಳಿರಲಿಲ್ಲ, ಇವರೂ ಕೇಳಿರಲಿಲ್ಲ. ಅದನ್ನೇ ಹೇಳಿದರು. ಹಾಗಾದರೆ ನಾನೇ ಓದಿ ಹೇಳುತ್ತೇನೆ ಎಂದರು ಸೀತು.

ತ್ಯಾಂಪಣ್ಣ ಕೈ ಹಿಂದೆ ತೆಗೆದರು. ಅಡಗಿಸಿದ್ದು ನಾನೇ, ನಿನಗೆ ನೋಡಲು ಆಗಲಿಕ್ಕಿಲ್ಲ ಅಂತ, ಎಂದು ಹೇಳುವಾಗ ಅವರಿಗೂ ಅಳು ಬಂತು. ಹಮೀದಾಕ ಕೆಳಗಿಳಿದು ರೇಡಿಯೇಟರಿಗೆ ನೀರು ಹಾಕಿದರು. ಎರಡು ಡಬ್ಬಿ ಸಾಕಾಗುವಲ್ಲಿ ನಾಲ್ಕು ಹಾಕಿ ಹೊರಗೆ ಚೆಲ್ಲಿಸಿದರು.

ಬಸ್ಸು ಮತ್ತೆ ಹೊರಟಿತು. ಇನ್ನು ನನ್ನ ಮುಖಕ್ಕೆ ಯಾರು ಬೆಲೆ ಕೊಡುತ್ತಾರೆ ಎಂದು ಹಮೀದಾಕ ಕುಗ್ಗಿ ಕುಳಿತಿದ್ದರು. ಮಡಿಕೇರಿಯಲ್ಲಿ ಊಟಕ್ಕೆ ಇಳಿದಾಗ ಹಿಂದಿನ ಸೀಟಿನ ಒಬ್ಬ ಹಿರಿಯರು ಅವರ ಹತ್ತಿರ ಬಂದರು. ಇಷ್ಟು ವರ್ಷ ನೀವು ಕೊಟ್ಟ ಒಂದು ಪುಸ್ತಕವೂ ನನಗೆ ಬೇಸರ ಬರಿಸಲಿಲ್ಲ, ಈಗ ಎಂತ ಕೊಡುತ್ತೀರಿ ಎಂದು ಕೇಳಿದರು. ಉದಯಶಂಕರ ಪೆಟ್ಟಿಗೆಯಿಂದ ಒಂದೊಂದೇ ತೆಗೆದು ಮೊದಲ ಪುಟ ಓದಿದ. ನಾಲ್ಕು ಸಾಲಿನಲ್ಲಿ ಕಥೆಯವರ ಹೆಸರು ಬರುವಷ್ಟರಲ್ಲಿ ಹಮೀದಾಕನಿಗೆ ಪುಸ್ತಕದ ಗುರುತು ಸಿಕ್ಕಿತು. ಸಿಕ್ಕಿದ್ದಕ್ಕೆಲ್ಲ ಟಿಕೆಟಿನ ಪೆನ್ಸಿಲಿನಲ್ಲಿ ಒಂದೊಂದು ಗುರುತು ಬಿತ್ತು: ಛತ್ರಿಗೆ ಛತ್ರಿ, ಕೋವಿಗೆ ಕೋವಿ.

ಮೈಸೂರಿನಲ್ಲಿ ಎಲ್ಲರೂ ಇಳಿದ ಮೇಲೆ ಸೀತು ಪುಸ್ತಕ ಮುಚ್ಚಿ ಎದ್ದರು. ಮುಖ ಊದಿತ್ತು, ಕಣ್ಣು ಕೆಂಪಾಗಿತ್ತು. ಹಸಿವಾಗುತ್ತಿದೆ ಎಂದು ಗಂಡನಿಗೆ ಹೇಳಿದರು. ತ್ಯಾಂಪಣ್ಣ ಎರಡು ತಿಂಗಳಿಂದ ಆ ಮಾತು ಕೇಳದೆ ಇದ್ದವರು, ಚೀಲ ಅಲ್ಲೇ ಬಿಟ್ಟು ಬಾಳೆಹಣ್ಣು ತರಲು ಓಡಿದರು. ಸೀತು ಡ್ರೈವರ್ ಸೀಟಿನ ಹತ್ತಿರ ನಿಂತರು.

"ಅವಳು ಎಂತದೂ ಮಾಡುದಿಲ್ಲ, ಹಮೀದಾಕ. ಸುಮಾರು ದಿನ ಮಲಗಿಯೇ ಇರ್ತಾಳೆ. ಮತ್ತೆ ಒಂದು ದಿನ ಬೆಳಿಗ್ಗೆ ಎದ್ದು, ಕೊಡಪಾನ ತೆಗೊಂಡು ಬಾವಿಯಿಂದ ನೀರು ತರ್ಲಿಕ್ಕೆ ಹೋಗ್ತಾಳೆ. ಅಷ್ಟೇ. ಅಲ್ಲಿಗೆ ಕಥೆ ಮುಗಿತದೆ."

ರಟ್ಟಿನ ಮೇಲೆ ಬಾವಿಯ ಚಿತ್ರ ಯಾಕಿತ್ತೆಂದು ಹಮೀದಾಕನಿಗೆ ಆಗ ತಿಳಿಯಿತು. ಮಗು ಸತ್ತದ್ದು ಜ್ವರದಿಂದ, ಬಾವಿಗೆ ಬಿದ್ದು ಅಲ್ಲವಲ್ಲ ಎಂದು ಅವರು ಎಷ್ಟೋ ಸಲ ಯೋಚಿಸಿದ್ದರು. ಸೀತು ಪೆನ್ಸಿಲ್ ಕೇಳಿ ಪಡೆದು, ಕಂದು ಕಾಗದದ ಮೇಲೆ ಒಂದು ಕೊಡಪಾನದ ಚಿತ್ರ ಬರೆದು, ಪುಸ್ತಕವನ್ನು ಅವರ ಕೈಗೆ ಕೊಟ್ಟರು.

ಅರವತ್ತೆಂಟರಲ್ಲಿ ಕಣ್ಣು ಮಂಜಾಗಿ ಹಮೀದಾಕ ಸ್ಟಿಯರಿಂಗ್ ಬಿಡುವವರೆಗೂ ಪೆಟ್ಟಿಗೆ ಅದೇ ಜಾಗದಲ್ಲಿತ್ತು. ಓದಲು ಅವರು ಕಲಿಯಲಿಲ್ಲ, ಬಾರದು ಎಂದು ಹೇಳಲು ಮಾತ್ರ ಕಲಿತರು. ಕೊಡಪಾನದ ಪುಸ್ತಕವನ್ನು ಯಾರಿಗೂ ತಾವಾಗಿ ಕೊಡುತ್ತಿರಲಿಲ್ಲ. ಆದರೆ ಕಿಟಕಿಯ ಸರಳನ್ನೇ ನೋಡುತ್ತ ಕೂತ ಯಾರಾದರೂ ಅದರ ಮೇಲೆ ಕೈಯಿಟ್ಟರೆ, ಬೇಡವೆನ್ನದೆ, ಕೊನೆಯ ಪುಟದವರೆಗೆ ಓದಿ ಎಂದು ಹೇಳಿ ಕೊಡುತ್ತಿದ್ದರು.