ಏಳನೇ ಬೆಡ್‌ನ ಇನ್ಸುಲಿನ್

2021ರ ಎರಡನೇ ಅಲೆಯಲ್ಲಿ ನಾನು ಸಿಂಗಸಂದ್ರದ ಹತ್ತಿರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿದ್ದೆ. ಕಾನ್ವೆಂಟಿನಲ್ಲಿ ಮದರ್ ನಮಗೆ ಕಲಿಸಿದ್ದನ್ನೇ ನಾನು ನನ್ನ ಹುಡುಗಿಯರಿಗೂ ಕಲಿಸಿದ್ದೆ: ತಪ್ಪಾದರೆ ಮೊದಲು ಬಂದು ಹೇಳಿ, ಹೇಳಿದವರಿಗೆ ಪನಿಶ್‌ಮೆಂಟ್ ಇಲ್ಲ. ಮೆಡಿಕಲ್ ಡೈರೆಕ್ಟರ್ ಕೂಡ ಎಲ್ಲರೆದುರು ಇದಕ್ಕೆ ಒಪ್ಪಿದ್ದರು.

ಇನ್ಸುಲಿನ್‌ನಂಥ ಔಷಧಿಗೆ ಡಬಲ್ ಚೆಕ್ ಎಂಬ ಪದ್ಧತಿಯಿದೆ. ಒಬ್ಬ ನರ್ಸ್ ರೋಗಿಯ ಹೆಸರು, ಡೋಸ್ ಗಟ್ಟಿಯಾಗಿ ಓದಬೇಕು. ಇನ್ನೊಬ್ಬಳು ರೋಗಿಯ ಕೈಪಟ್ಟಿ ನೋಡಿ ಹೂಂ ಅನ್ನಬೇಕು. ಅರ್ಧ ಸ್ಟಾಫ್ ಪಾಸಿಟಿವ್ ಆಗಿ ಮಲಗಿದಾಗ ಡೈರೆಕ್ಟರ್ ಐಸಿಯು ಬಾಗಿಲಲ್ಲಿ ನಿಂತು, "ಸಿಸ್ಟರ್, ಸದ್ಯಕ್ಕೆ ಒಬ್ರೇ ಚೆಕ್ ಮಾಡ್ಲಿ. ಏನಾದ್ರೂ ಆದ್ರೆ ನಾನಿದ್ದೀನಲ್ಲ," ಎಂದರು. ಬೇಡವೆಂದೆ. "ಹಾಗಾದ್ರೆ ಇನ್ನಷ್ಟು ನರ್ಸ್‌ಗಳನ್ನ ನೀವೇ ಹೆತ್ತು ಕೊಡಿ," ಎಂದು ನಕ್ಕರು. ಅಂದಿನಿಂದ ಡಬಲ್ ಚೆಕ್ ನಿಂತಿತು.

ಪಿಪಿಇ ಕಿಟ್‌ನೊಳಗೆ ಬೆವರುತ್ತ, ಮಂಜು ಕವಿದ ಕನ್ನಡಕದಲ್ಲಿ ಹೆಸರು ಓದುವವರಾರು? ರೋಗಿಗಳೆಲ್ಲ ಬೆಡ್ ನಂಬರ್‌ಗಳಾದರು. ಒಂದು ಬೆಳಿಗ್ಗೆ ಏಳನೇ ಬೆಡ್‌ನವರನ್ನು ವೆಂಟಿಲೇಟರ್ ಇದ್ದ ಕಡೆ ಸಾಗಿಸಿ, ಆ ಜಾಗಕ್ಕೆ ಚಂದಾಪುರದ ಒಬ್ಬ ಫ್ಯಾಕ್ಟರಿ ಕೆಲಸಗಾರನನ್ನು ತಂದರು. ಡಬಲ್ ಡ್ಯೂಟಿಯಲ್ಲಿದ್ದ ಗದಗಿನ ಮಂಜುಳಾ ಆಗ ಬೇರೊಬ್ಬ ರೋಗಿಯನ್ನು ಬೋರಲು ಮಲಗಿಸುತ್ತಿದ್ದಳು. ಬದಲಾದದ್ದು ಅವಳಿಗೆ ತಿಳಿಯಲಿಲ್ಲ. ಏಳನೇ ಬೆಡ್‌ನ ಇನ್ಸುಲಿನ್ ಏಳನೇ ಬೆಡ್‌ಗೇ ಕೊಟ್ಟಳು. ಹೊಸಬನಿಗೆ ಡಯಾಬಿಟಿಸ್ಸೇ ಇರಲಿಲ್ಲ.

ಅವನ ಹಣೆ ಬೆವರಿದ್ದನ್ನು ಕಂಡವಳೂ ಅವಳೇ. ಶುಗರ್ ನೋಡಿ, ಡಾಕ್ಟರನ್ನು ಕೂಗಿ, ಗ್ಲೂಕೋಸ್ ಏರಿಸಿ ಉಳಿಸಿಕೊಂಡಳು. ಆಮೇಲೆ ನೇರ ನನ್ನ ಬಳಿ ಬಂದು ಹೇಳಿದಳು. ಹೇಳದೇ ಇದ್ದಿದ್ದರೆ ಎಲ್ಲರೂ ಅದನ್ನು ಕೋವಿಡ್ಡಿನ ತಲೆಗೇ ಕಟ್ಟುತ್ತಿದ್ದರು.

ವಿಚಾರಣೆಯಲ್ಲಿ ಡೈರೆಕ್ಟರ್, "ಡಬಲ್ ಚೆಕ್ ಬಿಡಿ ಅಂತ ನಾನ್ಯಾವಾಗ ಹೇಳ್ದೆ?" ಎಂದರು.

"ಐಸಿಯು ಬಾಗಿಲಲ್ಲಿ ಡಾಕ್ಟರ್, ನನಗೇ ಹೇಳಿದ್ರಿ," ಎಂದೆ.

"ಸಿಸ್ಟರ್, ನಿಮಗೂ ವಯಸ್ಸಾಯ್ತು. ಸ್ವಲ್ಪ ರೆಸ್ಟ್ ತಗೊಳ್ಳಿ."

ಅದೇ ದಿನ ಮಂಜುಳಾಳನ್ನು ಕೆಲಸದಿಂದ ತೆಗೆದರು. ಬ್ಯಾಗ್ ಹಿಡಿದು ಗೇಟಿನ ಬಳಿ ನಿಂತವಳು ಅಳಲಿಲ್ಲ. "ಬಂದು ಹೇಳ್ರಿ, ಏನೂ ಮಾಡಂಗಿಲ್ಲ ಅಂದಿದ್ರಲ್ರೀ ಮೇಡಂ?" ಎಂದು ಕೇಳಿದಳು, ಅಷ್ಟೇ.

ನಾನು ನಿವೃತ್ತಳಾಗುವವರೆಗೂ ಆ ಐಸಿಯುನಿಂದ ಯಾರೂ ಒಂದು ತಪ್ಪನ್ನೂ ನನ್ನ ಬಳಿ ತರಲಿಲ್ಲ. ಒಳಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಡೈರೆಕ್ಟರ್ ಮಾತ್ರ ಮೀಟಿಂಗ್‌ನಲ್ಲಿ "ಝೀರೋ ಎರರ್, ವೆರಿ ಗುಡ್!" ಎಂದು ಚಪ್ಪಾಳೆ ತಟ್ಟಿಸಿದರು. ಈಗ ನೆಂಟರು ಯಾವ ಆಸ್ಪತ್ರೆ ಒಳ್ಳೆಯದೆಂದು ಕೇಳುತ್ತಾರೆ. ತಪ್ಪೇ ಆಗುವುದಿಲ್ಲ ಎನ್ನುವ ಕಡೆ ಹೋಗಬೇಡಿ ಎನ್ನುತ್ತೇನೆ.