ಹೊಟ್ಟೆ ಕೆಟ್ಟಿದೆ ಎಂದು ಬರೆದ ಬೆಳಿಗ್ಗೆ

ನಮ್ಮಮ್ಮ ಸುಳ್ಳು ಕಾಯಿಲೆಗೆ ಹೆದರಿದಷ್ಟು ನಿಜವಾದ ಕಾಯಿಲೆಗೆ ಹೆದರಿದವಳಲ್ಲ. ಶಾಲೆ ತಪ್ಪಿಸಲು ನಾನು ತಲೆನೋವು ಎಂದರೆ ಸಾಕು, "ಬಾಯಿ ಮುಚ್ಚು! ಅಶ್ವಿನಿ ದೇವತೆಗಳು ಅಸ್ತು ಅಂದ್ರೆ ಎಂತ ಮಾಡ್ತಿ?" ಎಂದು ಗದರುತ್ತಿದ್ದಳು. ಉಡುಪಿ ಬಿಟ್ಟು ಕೋಲ್ಕತ್ತಕ್ಕೆ ಬಂದು, ಗರಿಯಾಹಾಟ್‌ನ ಬ್ಯಾಂಕಿನಲ್ಲಿ ಇಷ್ಟು ವರ್ಷ ಕೂತರೂ ಆ ಹೆದರಿಕೆ ನನ್ನನ್ನು ಬಿಟ್ಟಿಲ್ಲ. ಹಾಗಾಗಿ ಪೈಲಟ್ ಆಗಿರುವ ನನ್ನ ಗಂಡ ಅಂದು ಬೆಳಿಗ್ಗೆ ತಮ್ಮ ಕಂಪನಿಗೆ "ಹೊಟ್ಟೆ ಕೆಟ್ಟಿದೆ, ಇವತ್ತು ಹಾರಲಾರೆ" ಎಂದು ಬರೆಯುವಾಗ ಪಕ್ಕದಲ್ಲೇ ನಿಂತು ಬೈದೆ.

"ಬೇರೆ ಎಂತಾದ್ರೂ ಬರೀರಿ ಮಾರಾಯ್ರೆ. ಕಾರು ಕೆಟ್ಟಿತು ಅನ್ನಿ."

"ಕಾರು ಕೆಟ್ರೆ ಅವರೇ ಕಾರು ಕಳಿಸ್ತಾರೆ. ಹೊಟ್ಟೆ ಕೆಟ್ರೆ ಹೊಟ್ಟೆ ಕಳಿಸ್ಲಿಕ್ಕೆ ಆಗ್ತದಾ?" ಎಂದು ನಕ್ಕು ಸಂದೇಶ ಕಳಿಸಿಯೇ ಬಿಟ್ಟರು.

ಇವರೊಬ್ಬರೇ ಅಲ್ಲ, ಕಂಪನಿಯ ಎಷ್ಟೋ ಪೈಲಟ್‌ಗಳು ಅಂದು ಒಟ್ಟಿಗೇ ಕಾಯಿಲೆ ಬಿದ್ದಿದ್ದರು. ಹೊಸ ಒಪ್ಪಂದದ ಮಾತುಕತೆ ತಿಂಗಳುಗಟ್ಟಲೆ ಎಳೆದಿತ್ತು. ಪೈಲಟ್‌ಗಳ ಸಂಘದ ಪರವಾಗಿ ಮೇಜಿಗೆ ಕೂತ ನಾಲ್ವರಲ್ಲಿ ಇವರೂ ಒಬ್ಬರು. ಎರಡು ಹಾರಾಟಗಳ ನಡುವಿನ ವಿಶ್ರಾಂತಿಯನ್ನು ಕಡಿಮೆ ಮಾಡುತ್ತೇವೆಂದು ಕಂಪನಿ, ನಿದ್ದೆಗೆಟ್ಟು ಹಾರಿಸಲು ಆಗದೆಂದು ಇವರು. ಮುಷ್ಕರ ಹೂಡಿದರೆ ಕೆಲಸದಿಂದ ತೆಗೆಯುತ್ತೇವೆಂಬ ಪತ್ರವೂ ಮನೆಗೆ ಬಂದಿತ್ತು. ಆ ವಿಶ್ರಾಂತಿಯನ್ನು ಉಳಿಸಿಕೊಳ್ಳಲೆಂದು ಸಂಘದವರು ಇನ್ನೊಂದು ಬೇಡಿಕೆಯನ್ನು ಬಿಟ್ಟುಕೊಟ್ಟರು: ಆರೋಗ್ಯ ಕೈಕೊಟ್ಟು ಹಾರಲಾಗದ ಪೈಲಟ್‌ನ ಕೆಲಸವನ್ನು ಒಂದು ವರ್ಷ ಕಾದಿಡಬೇಕು ಎಂಬುದು. ಪಟ್ಟಿಯಲ್ಲಿ ಅದರ ಮೇಲೆ ಗೀಟು ಎಳೆದದ್ದು ನನ್ನ ಗಂಡನ ಕೈ. ಮಾತುಕತೆಯ ನಡುವೆ ಊಟದ ಬಿಡುವಿನಲ್ಲಿ ಅವರು ಫೋನ್ ಮಾಡಿ ಹೇಳಿದಾಗ, "ಒಳ್ಳೆದಾಯ್ತು ಬಿಡಿ, ಅದೆಲ್ಲ ಮುದುಕರಿಗೆ" ಎಂದವಳು ನಾನು. ಅಷ್ಟಾದರೂ ಕಂಪನಿ ಬಗ್ಗಲಿಲ್ಲ. ಅದಕ್ಕೇ ಈ ಹೊಟ್ಟೆಯ ನಾಟಕ.

ಬ್ಯಾಂಕಿಗೆ ರಜೆಯೆಂದು ನಾನೂ ಮನೆಯಲ್ಲೇ ಇದ್ದೆ. ಹತ್ತೂವರೆಗೆ ಗೇಟಿನ ಕಾವಲುಗಾರನ ಫೋನ್ ಬಂತು; ಅವನಿಗೆ ನಾನು ಬೌದಿ, ಅಂದರೆ ಅತ್ತಿಗೆ, ಇವರು ದಾದಾ. "ಬೌದಿ, ದಾದಾರ ಕಂಪನಿಯಿಂದ ಡಾಕ್ಟರ್ ಬಾಬು ಬಂದಿದ್ದಾರೆ. ಮೇಲೆ ಹತ್ತುತ್ತಿದ್ದಾರೆ."

ಹೊಟ್ಟೆ ಕೆಟ್ಟ ಮಹಾಶಯರು ಮೂಲೆಯಂಗಡಿಯ ಇಂಗಿನ ಕಚೂರಿಯಲ್ಲಿ ನಾಲ್ಕನೆಯದನ್ನು ಮುರಿಯುತ್ತಿದ್ದರು! ತಟ್ಟೆ ಕಸಿದುಕೊಂಡು ಒಳಗೆ ಓಡಿದೆ. ರಾತ್ರಿಯ ಅನ್ನಕ್ಕೆ ಬಿಸಿನೀರು ಹೊಯ್ದು ಗಂಜಿ ಅಂತ ಅವರ ಮುಂದಿಟ್ಟೆ. "ಮಲಗಿ, ಮಲಗಿ" ಎಂದು ಪಿಸುಗುಟ್ಟಿದರೆ, "ಮಲಗಿ ಗಂಜಿ ಕುಡಿಯುದು ಹೇಗೆ?" ಎನ್ನುತ್ತಾರೆ ಪುಣ್ಯಾತ್ಮ. ಆದರೆ ಚಮಚವನ್ನು ತಲೆಕೆಳಗಾಗಿ ಹಿಡಿದಿದ್ದರು. ಸುಳ್ಳೆಂದು ಸಿಕ್ಕಿಬಿದ್ದರೆ ಕಂಪನಿ ಮೊದಲು ಹೊರಗೆ ಹಾಕುವುದು ಮೇಜಿಗೆ ಕೂತ ನಾಲ್ವರನ್ನೇ.

ಬಂದವರು ಅರವತ್ತು ದಾಟಿದ ಬಂಗಾಳಿ ವೈದ್ಯರು. ಏದುಸಿರು ಬಿಡುತ್ತ ಕೂತು, ಮೂಗರಳಿಸಿ, "ಇಂಗಿನ ವಾಸನೆ ಚೆನ್ನಾಗಿದೆ ಬೌದಿ" ಎಂದರು ಹಿಂದಿಯಲ್ಲಿ. ನಾನು ನೆಲ ನೋಡಿದೆ. ಹೊಟ್ಟೆ ಒತ್ತಿ ನೋಡಿದರು, ನಾಲಗೆ ನೋಡಿದರು, ಕೊನೆಗೆ ತೋಳಿಗೆ ರಕ್ತದೊತ್ತಡದ ಪಟ್ಟಿ ಸುತ್ತಿದರು. ಒಮ್ಮೆ ನೋಡಿದವರು ಇನ್ನೊಂದು ತೋಳಿಗೆ ಸುತ್ತಿದರು. ಹತ್ತು ನಿಮಿಷ ಸುಮ್ಮನೆ ಕೂರಿಸಿ ಮತ್ತೆ ನೋಡಿದರು. ಅವರ ಮುಖದ ನಗು ಹೋಗಿತ್ತು.

"ನಿಮ್ಮನ್ನು ಕಂಡ ಹೆದರಿಕೆಗೆ ಏರಿದ್ದು ಇರಬೇಕು" ಎಂದರು ಇವರು.

"ಬೆಳಿಗ್ಗೆಯಿಂದ ಆರು ಮನೆ ಹತ್ತಿ ಇಳಿದಿದ್ದೇನೆ ಕ್ಯಾಪ್ಟನ್. ನನ್ನನ್ನು ಕಂಡು ಎಲ್ಲರಿಗೂ ಸ್ವಲ್ಪ ಏರಿತ್ತು. ಇದು ಆ ತರಹದ್ದಲ್ಲ. ತಲೆ ಭಾರ ಆಗುತ್ತಿತ್ತೇ?"

ಇವರು ನನ್ನ ಕಡೆ ನೋಡದೆ ಹೂಂ ಎಂದರು. ಎರಡು ತಿಂಗಳಿಂದ ಅಂತೆ. ನನಗೆ ಒಂದು ಮಾತು ಹೇಳಿರಲಿಲ್ಲ.

ವೈದ್ಯರು ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ಹೇಳಿದರು: "ನನ್ನನ್ನು ಕಳಿಸಿದ್ದು ಹೊಟ್ಟೆ ನೋಡಲಿಕ್ಕೆ. ಹೊಟ್ಟೆ ಗುಂಡುಕಲ್ಲಿನ ಹಾಗೆ ಗಟ್ಟಿಮುಟ್ಟಾಗಿದೆ. ಅಷ್ಟೇ ಬರೆದರೆ ನೀವು ಸುಳ್ಳು ಹೇಳಿದಿರಿ ಅಂತಾಗುತ್ತದೆ. ಈ ರಕ್ತದೊತ್ತಡವನ್ನೂ ಬರೆದರೆ ಸುಳ್ಳಿನ ಮಾತು ಬರುವುದಿಲ್ಲ, ಆದರೆ ನಾಳೆಯಿಂದ ಹಾರಾಟ ಇಲ್ಲ. ಎಷ್ಟು ದಿನ ಅಂತ ನಾನು ಹೇಳಲಾರೆ."

ಹೊಟ್ಟೆ ಮಾತ್ರ ಬರೀರಿ ಎನ್ನಲು ನನ್ನ ಬಾಯಿ ತೆರೆದೇ ಇತ್ತು. ಯಾವುದೋ ಕ್ಷಮಾಪಣೆ ಪತ್ರ ಕೊಟ್ಟು ಕೆಲಸ ಉಳಿಸಿಕೊಳ್ಳಬಹುದಲ್ಲ! ಅಷ್ಟರಲ್ಲಿ ಕಣ್ಣಿಗೆ ಬಂದದ್ದು ಆಕಾಶದ ಮಧ್ಯೆ ಆ ಪುಟ್ಟ ಕೋಣೆ, ಕುರ್ಚಿಯಲ್ಲಿ ತಲೆ ವಾಲಿಸಿದ ಇವರು, ಬಾಗಿಲಿನ ಆಚೆ ಸಾಲುಸಾಲು ಜನ. ಬಾಯಿಜೋರಿನವಳೆಂದು ಹೆಸರು ಪಡೆದ ನಾನು ತೆರೆದ ಬಾಯಿಯನ್ನು ಸೆರಗಿನಿಂದ ಮುಚ್ಚಿಕೊಂಡೆ.

"ಇದ್ದದ್ದನ್ನು ಬರೀರಿ" ಎಂದರು ಇವರು.

ವೈದ್ಯರು ಬರೆದು, ಸಹಿ ಮಾಡಿ, ಉಪ್ಪು ಕಡಿಮೆ ಮಾಡಿ ಎಂದು ನನಗೆ ಹೇಳಿ ಇಳಿದು ಹೋದರು.

ಆಮೇಲೆ ಇವರು ಸಂಘದ ಹಿರಿಯರೊಬ್ಬರಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟರು. ಹಾಳು ಗಂಜಿಯನ್ನು ಚೆಲ್ಲಲು ಅಡಿಗೆಮನೆಗೆ ಹೋದವಳಿಗೆ ಎರಡೂ ಕಡೆಯ ಮಾತು ಕೇಳುತ್ತಿತ್ತು.

"ನಾವು ಬಿಟ್ಟುಕೊಟ್ಟೆವಲ್ಲ, ಕೆಲಸವನ್ನು ಒಂದು ವರ್ಷ ಕಾದಿಡುವ ಬೇಡಿಕೆ. ಅದನ್ನು ತಿರುಗಿ ಮೇಜಿಗೆ ತರಬಹುದೇ?"

"ಈಗಲೇ? ಹೊಡೆದು ಹಾಕಿದ್ದು ನೀವೇ ಅಲ್ಲವೇ? ಯಾಕೆ, ಯಾರಿಗಾದರೂ ಏನಾದರೂ ಆಯಿತೇ?"

ಇವರ ಕುರ್ಚಿ ಸರಿದ ಸದ್ದಾಯಿತು.

"ಯಾರಿಗೂ ಏನೂ ಆಗಿಲ್ಲ. ಸುಮ್ಮನೆ ಕೇಳಿದೆ" ಎಂದರು ಇವರು.

ಈ ಸಲದ ಸುಳ್ಳಿಗೆ ನಾನು ಬೈಯಲಿಲ್ಲ. ಗಂಜಿಯ ಪಾತ್ರೆ ಹಿಡಿದು ನಿಂತಲ್ಲೇ, ದೇವತೆಗಳಿಗೂ ಕೇಳಿಸಲಿ ಎಂದು, ನಾನೇ ಗಟ್ಟಿಯಾಗಿ ಅಸ್ತು ಅಂದೆ.